ಸೊನ್ನೆ ಒಡಕಿನ ಚಿತ್ರ

ತೆಂಗುಸೀಮೆ ರೋಮಾಂಚಕ ಚಿತ್ರ ಶ್ರೇಯಾಂಕ ಸಮಿತಿಯು ಈ ಸಾಲಿನ ಅತ್ಯಂತ ರೋಮಾಂಚಕ ಹತ್ತು ಚಲನಚಿತ್ರಗಳ ಪಟ್ಟಿಯನ್ನು ಪ್ರಕಟಿಸಿದ್ದು, ಸದರಿ ಪಟ್ಟಿಯಲ್ಲಿ ಸೈನ್ಸ್ ಫಿಕ್ಷನ್ ಚಿತ್ರ ಒಂದೂ ಇರುವುದಿಲ್ಲ. ಹಿಂದಿನ ಸಾಲಿನಲ್ಲಿಯೂ ಇರಲಿಲ್ಲ. ಅದರ ಹಿಂದಿನ ಸಾಲಿನಲ್ಲಿಯೂ ಇರಲಿಲ್ಲ. ಇದರಲ್ಲಿ ಯಾರ ಪಕ್ಷಪಾತವೂ ಇಲ್ಲವೆಂಬ ಸಂಗತಿಯನ್ನು ಸಮಿತಿಯ ಕಾರ್ಯದರ್ಶಿ ಗಂಗಾಧರಯ್ಯನಾದ ನಾನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರುತ್ತಿದ್ದೇನೆ.

ತರುವ ಅಗತ್ಯ ಯಾಕೆ ಬಂತೆಂದರೆ, ಜನ ಸುಮ್ಮನಿರುವುದಿಲ್ಲ. ತಿಪಟೂರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅರ್ಧ ಲೋಟ ಕಾಫಿಗೆ ಒಂದು ಗಂಟೆ ಕೂರುವವರು, "ಏನ್ ಸಾರ್, ಆಕಾಶಕ್ಕೆ ಹಾರೋ ಪಿಕ್ಚರ್‌ಗೆ ನಿಮ್ ಕಮಿಟೀಲಿ ನಂಬರೇ ಕೊಡಲ್ವಂತೆ" ಎಂದು ನನ್ನನ್ನೇ ನಿಲ್ಲಿಸಿ ಕೇಳುತ್ತಾರೆ. ನಾನು ಮೂವತ್ತೆರಡು ವರ್ಷ ಹೆಡ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ನನ್ನ ಮೇಜಿನ ಮೇಲೆ ಒಂದು ಕಾಗದ ತಲೆಕೆಳಗಾಗಿ ಇದ್ದ ಉದಾಹರಣೆ ಇಲ್ಲ. ಅಂಥವನ ಮೇಲೆ ಇಂಥ ಆಪಾದನೆ ಬಂದರೆ ಸಿಟ್ಟು ಬರುವುದು ಸಹಜ. ಬಂದಿದೆ. ಆದರೂ ನುಂಗಿಕೊಂಡು ಮೊದಲಿಂದ ಹೇಳುತ್ತೇನೆ.

ನಮ್ಮ ಕಡೆ ತೆಂಗಿನಕಾಯಿಯನ್ನು ಹತ್ತು ತಿಂಗಳು ಅಟ್ಟದ ಮೇಲೆ ಹಾಕಿ ಹಾಗೇ ಬಿಡುವುದು ವಾಡಿಕೆ. ಒಳಗಿನ ನೀರು ಬತ್ತಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಮಟ್ಟೆ ಸುಲಿದು ಕೊಟ್ಟರೆ, ಹೆಂಗಸರು ಸಾಲಾಗಿ ಕೂತು ಮಚ್ಚಿನಲ್ಲಿ ಚಿಪ್ಪು ಬಿಡಿಸುತ್ತಾರೆ. ಉಂಡೆ ಇಡಿಯಾಗಿ ಬಂದರೆ ಮಾರ್ಕೆಟ್ಟಿಗೆ. ಮಚ್ಚು ಒಂದು ಕೂದಲೆಳೆ ಜಾಸ್ತಿ ಒಳಗೆ ಹೋದರೆ ಉಂಡೆ ಸೀಳುತ್ತದೆ. ಅದಕ್ಕೆ ಒಡಕು ಎನ್ನುತ್ತೇವೆ. ಒಡಕು ಎಣ್ಣೆ ಗಿರಣಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದು.

ಸಮಿತಿಯ ಅಧ್ಯಕ್ಷರಾದ ಶ್ರೀ ಮೋಹನ್ ಕುಮಾರ್ ಅವರು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಮಂಡಿಯ ಹಿಂದಿನ ಶೆಡ್ಡಿನಲ್ಲಿ ಎಂಟು ಜನ ಹೆಂಗಸರು ಚಿಪ್ಪು ಬಿಡಿಸುತ್ತಾರೆ. ಇವರು ಊರ ಸುದ್ದಿ ಮಾತಾಡಿಕೊಂಡು ಕೆಲಸ ನಿಧಾನ ಮಾಡುತ್ತಾರೆಂದು ಅಧ್ಯಕ್ಷರು ಮೂರು ವರ್ಷದ ಹಿಂದೆ ಗೋಡೆಯಗಲದ ಒಂದು ಟಿ.ವಿ. ಹಾಕಿಸಿದರು. ಮೊದಲ ದಿನ ಹಾವಿನ ಚಿತ್ರ. ನಾಯಕಿಯ ದಿಂಬಿನ ಕೆಳಗಿನಿಂದ ಹಾವು ತಲೆ ಎತ್ತಿದ ಗಳಿಗೆಗೆ ಸರಿಯಾಗಿ ಆರು ಉಂಡೆ ಒಡೆದವು. ಬೇರೆ ಯಾರಾದರೂ ಆಗಿದ್ದರೆ ಟಿ.ವಿ. ಕಿತ್ತು ಹಾಕುತ್ತಿದ್ದರು. ಅಧ್ಯಕ್ಷರು ದೂರದೃಷ್ಟಿಯುಳ್ಳವರು, ಸುಮ್ಮನೆ ನಿಂತು ನೋಡಿದರು.

ಅದೇ ವಾರ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಪ್ರತಿಯೊಂದು ಪ್ರದೇಶವೂ ತನ್ನ ಸ್ಥಳೀಯ ವಿಧಾನದಿಂದ, ಆದರೆ ವೈಜ್ಞಾನಿಕವಾಗಿ, ಚಲನಚಿತ್ರಗಳ ರೋಮಾಂಚನವನ್ನು ಅಳೆದು ಪಟ್ಟಿ ಮಾಡತಕ್ಕದ್ದು. ಅಳತೆಯಲ್ಲಿ ಸೊನ್ನೆ ಬಂದ ಚಿತ್ರವನ್ನು ಆ ಪ್ರದೇಶದ ಟಾಕೀಸುಗಳಲ್ಲಿ ತೋರಿಸತಕ್ಕದ್ದಲ್ಲ. ನಾನು ಅದನ್ನು ಓದಿ ಹೇಳಿದಾಗ ಅಧ್ಯಕ್ಷರು ಶೆಡ್ಡಿನ ಕಡೆ ಕೈ ತೋರಿಸಿದರು.

"ಅಳತೆ ನಮ್ಮನೇಲೇ ಐತಲ್ರೀ ಗಂಗಾಧರಯ್ಯನೋರೆ. ಎಲ್ಲಿ ಮೈ ಜುಮ್ ಅಂತದೋ ಅಲ್ಲಿ ಕೈ ಜಾರ್ತದೆ. ಎಷ್ಟು ಒಡಕೋ ಅಷ್ಟು ನಂಬರು."

ಹೀಗೆ ಒಡಕು ಎಂಬುದು ರೋಮಾಂಚನದ ಅಧಿಕೃತ ಮಾನವಾಯಿತು. ನಿಯಮಾವಳಿ ಬರೆದವನು ನಾನೇ. ಪ್ರತಿ ಚಿತ್ರಕ್ಕೆ ನಾನೂರು ಕಾಯಿ. ಈ ಕಾಯಿಗಳನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ರೈತರಿಂದ ಕಲಾಪೋಷಣಾ ಕಾಣಿಕೆಯೆಂದು ಪಡೆಯುವುದು. ಪರೀಕ್ಷೆ ಮುಗಿದ ಮೇಲೆ ಇಡೀ ಉಂಡೆ ರೈತರಿಗೆ ವಾಪಸು, ಒಡಕು ಮಾತ್ರ ಅತ್ಯಂತ ಸಮೀಪದ ಎಣ್ಣೆ ಗಿರಣಿಗೆ ಉಚಿತವಾಗಿ ವಿಲೇವಾರಿ. ಸಮೀಪದ ಗಿರಣಿ ಯಾವುದೆಂದು ಅಳೆದು ನೋಡಲಾಗಿ, ಶೆಡ್ಡಿನ ಬಾಗಿಲಿಂದ ಹನ್ನೊಂದು ಅಡಿ ದೂರದಲ್ಲಿ ಒಂದು ಕಂಡುಬಂತು. ಅದು ಅಧ್ಯಕ್ಷರದೇ ಆಗಿತ್ತು. ಟೇಪು ಹಿಡಿದವನು ನಾನು, ಒಂದು ಇಂಚು ಆಚೀಚೆ ಆಗಿಲ್ಲ.

ತುರುವೇಕೆರೆ ಕಡೆಯ ವೆಂಕಟಯ್ಯ ಎಂಬ ರೈತರು ಒಂದು ಸಲ ಕಚೇರಿಗೇ ಬಂದು, "ನಮ್ ಕಾಯಿ ಒಡ್ದು ನಿಮ್ ಗಿರಣಿ ಓಡಿಸ್ತೀರಲ್ರೀ, ಇದ್ಯಾವ ಸೀಮೆ ಸಿನಿಮಾ" ಎಂದು ಕೇಳಿದ್ದು ನಿಜ. ಅವರನ್ನು ಅಲ್ಲೇ ಕಲಾಪೋಷಕ ಸದಸ್ಯರನ್ನಾಗಿ ಮಾಡಿಕೊಂಡು, ಶಾಲು ಹೊದಿಸಿ, ಫೋಟೊ ತೆಗೆಸಲಾಯಿತು. ಆ ಫೋಟೊ ಈಗ ಅವರ ಮನೆಯ ನಡುಮನೆಯಲ್ಲಿದೆ. ಮತ್ತೆ ಅವರು ಕೇಳಿಲ್ಲ.

ಶೆಡ್ಡಿನ ಎಂಟು ಹೆಂಗಸರನ್ನು ಅಧಿಕೃತ ಮಾಪಕರೆಂದು ಘೋಷಿಸಲಾಯಿತು. ಇವರಲ್ಲಿ ಹಿರಿಯರು ಹುಚ್ಚಕ್ಕ. ಅರವತ್ತು ದಾಟಿದ್ದಾರೆ, ಹತ್ತನೇ ವಯಸ್ಸಿನಿಂದ ಮಚ್ಚು ಹಿಡಿದವರು. ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಕೊಳೆತಿದೆಯೋ ಚೆನ್ನಾಗಿದೆಯೋ ಹೇಳಿಬಿಡುತ್ತಾರೆ. ಅವರ ಕೈಯಲ್ಲಿ ಒಂದು ಒಡೆಯಿತೆಂದರೆ ಆ ಚಿತ್ರ ಪಟ್ಟಿಗೆ ಸೇರಿತೆಂದೇ ಲೆಕ್ಕ.

ವಿಧಾನ ಎಷ್ಟು ನಿಷ್ಪಕ್ಷಪಾತ ಎಂಬುದಕ್ಕೆ ಈ ಸಾಲಿನ ಪಟ್ಟಿಯನ್ನೇ ನೋಡಬಹುದು. ಪ್ರಥಮ ಸ್ಥಾನದಲ್ಲಿರುವುದು ದೆವ್ವದ ಚಿತ್ರ, ಅರವತ್ತೊಂದು ಒಡಕು. ಎರಡನೆಯದು ಸೊಸೆ ಅತ್ತೆಯ ಕೆನ್ನೆಗೆ ಬಾರಿಸುವ ಸಾಂಸಾರಿಕ ಚಿತ್ರ. ನಾಲ್ಕನೇ ಸ್ಥಾನದ ಚಿತ್ರದ ವಿಷಯದಲ್ಲಿ ಮಾತ್ರ ಸ್ವಲ್ಪ ಚರ್ಚೆಯಾಯಿತು. ಅದು ಶುರುವಾದ ಐದು ನಿಮಿಷಕ್ಕೆ ಕರೆಂಟು ಹೋಯಿತು. ಬಾಗಿಲು ಕಿಟಕಿ ಮುಚ್ಚಿದ್ದರಿಂದ ಶೆಡ್ಡಿನಲ್ಲಿ ಕಗ್ಗತ್ತಲೆ. ಆ ಕತ್ತಲಲ್ಲೇ ಕೆಲಸ ನಡೆದು ಮೂವತ್ತೆಂಟು ಒಡಕು ಬಂದವು. ಚಿತ್ರವನ್ನು ಯಾರೂ ನೋಡಿಲ್ಲವೆಂಬುದು ಅದರ ತಪ್ಪಲ್ಲವೆಂದು ಸಮಿತಿ ತೀರ್ಮಾನಿಸಿತು. ಏಳನೇ ಸ್ಥಾನ ದನಗಳ ಕಾಲುಬಾಯಿ ಜ್ವರದ ಬಗೆಗಿನ ಅರಿವು ಚಿತ್ರಕ್ಕೆ. ಹತ್ತನೆಯದು ಅಧ್ಯಕ್ಷರ ಮಗಳ ಮದುವೆ ವಿಡಿಯೊ. ಅದರಲ್ಲಿ ಮೊದಲ ಪಂಕ್ತಿಗೆ ಕೂತ ಮಾಪಕರನ್ನು ಎಬ್ಬಿಸಿ ಕಳಿಸುವ ದೃಶ್ಯ ಬಂದಾಗ ಐದು ಉಂಡೆ ಒಟ್ಟಿಗೇ ಸೀಳಿದವು.

ಇನ್ನು ಸೈನ್ಸ್ ಫಿಕ್ಷನ್. ಮೂರು ವರ್ಷದಲ್ಲಿ ಇಂಥ ಏಳು ಚಿತ್ರ ಬಂದವು. ಭೂಮಿ ಎರಡು ಹೋಳಾಗುವುದು, ಯಂತ್ರಗಳು ಮನುಷ್ಯರನ್ನು ಆಳುವುದು, ಮನುಷ್ಯ ತನ್ನ ತಾತನನ್ನು ಹುಡುಕಿಕೊಂಡು ಹಿಂದಿನ ಕಾಲಕ್ಕೆ ಹೋಗುವುದು, ಹೀಗೆ. ಏಳಕ್ಕೂ ಸೊನ್ನೆ. ನಾನೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದ್ದೇನೆ. ಬೇರೆ ಚಿತ್ರಕ್ಕೆ ಮಚ್ಚು ಆಡಿಸುತ್ತಲೇ ಅರ್ಧ ಕಣ್ಣಲ್ಲಿ ನೋಡುವ ಹೆಂಗಸರು, ಇವು ಬಂದಾಗ ಮಚ್ಚನ್ನು ನೆಲಕ್ಕೆ ಇಟ್ಟು ಬಾಯಿ ಬಿಟ್ಟುಕೊಂಡು ಕೂತುಬಿಡುತ್ತಾರೆ. ಮಚ್ಚು ನೆಲದ ಮೇಲಿದ್ದರೆ ಒಡಕು ಎಲ್ಲಿಂದ ಬರಬೇಕು? ಸೊನ್ನೆ ಎಂದು ಬರೆದೆ. ಬೇರೆ ಏನು ಬರೆಯಲಿ?

ಈ ಪರಿಸ್ಥಿತಿಯಲ್ಲಿ ಕಳೆದ ಮಾಘದಲ್ಲಿ ಕೆಂಕೆರೆಯಿಂದ ಪವಿತ್ರ ಎಂಬ ಹೆಣ್ಣುಮಗಳು ಅರ್ಜಿ ಹಿಡಿದು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅತಿಥಿ ಶಿಕ್ಷಕಿ. ನಾಲ್ಕು ವರ್ಷ ಭಾನುವಾರಗಳಲ್ಲಿ ಒಂದು ಚಿತ್ರ ತೆಗೆದಿದ್ದರು. ಹೆಸರು 'ಆರು ಸಾವಿರ ವರ್ಷದ ನಂತರದ ಬುಧವಾರ'. ಊರಿನ ಖಾಲಿ ರೇಷ್ಮೆ ಹುಳು ಮನೆಯೊಳಗೆ ರಾಕೆಟ್ ಕಟ್ಟಿದ್ದರಂತೆ. ನಾಯಕಿ ಅವರ ತಾಯಿ ಹಾಲಮ್ಮ. ತಂದೆ ಬೀರಲಿಂಗಯ್ಯ ತಮ್ಮ ಕೈಯಾರೆ ನೇಯ್ದ ಕಂಬಳಿಯನ್ನು ಹೊಲಿದು, ಬೆಳ್ಳಿ ಬಣ್ಣ ಬಳಿದು ಬಾಹ್ಯಾಕಾಶದ ಉಡುಪು ಮಾಡಿಕೊಟ್ಟಿದ್ದರು.

ನಾನು ಅರ್ಜಿ ಪರಿಶೀಲಿಸಿದೆ. ಏಳನೇ ಕಾಲಂನಲ್ಲಿ 'ಚಿತ್ರದಲ್ಲಿ ಈ ಕೆಳಗಿನ ಯಾವುದಿದೆ: ಹಾವು, ದೆವ್ವ, ಅತ್ತೆ, ಲಾರಿ, ಇತರೆ' ಎಂದಿದೆ. ಅವರು ಇತರೆಗೆ ಗುರುತು ಹಾಕಿ ಪಕ್ಕದಲ್ಲಿ 'ಉಸಿರು' ಎಂದು ಬರೆದಿದ್ದರು.

"ಉಸಿರು ಅಂದ್ರೆ ಏನಮ್ಮ?"

"ರಾಕೆಟ್ಟಲ್ಲಿ ಇಬ್ರು ಇರ್ತಾರೆ ಸಾರ್. ಅಜ್ಜಿ, ಮೊಮ್ಮಗಳು. ಒಬ್ರಿಗೆ ಆಗೋವಷ್ಟೇ ಗಾಳಿ ಉಳಿದಿರುತ್ತೆ."

"ಹಾವಿಲ್ವಾ?"

"ರಾಕೆಟ್ಟಲ್ಲಾ ಸಾರ್?"

"ಕಾಲಂ ಇದೆಯಲ್ಲ, ಅದಕ್ಕೆ ಕೇಳಿದೆ. ಲಾರಿನೂ ಇಲ್ಲ?"

"ಇಲ್ಲ ಸಾರ್." ಆಕೆ ಮುಂದುವರಿಸಿದರು: "ನಂಗೆ ಪಟ್ಟೀಲಿ ಹೆಸರು ಬೇಡ. ಚಿಕ್ಕನಾಯಕನಹಳ್ಳಿ ಟಾಕೀಸಿನ ದಯಾನಂದ್ ಅವ್ರು ಒಂದು ಆಟ ಹಾಕ್ತೀನಿ ಅಂದವ್ರೆ. ನಿಮ್ ಸರ್ಟಿಫಿಕೇಟ್ ಬೇಕಂತೆ. ನಮ್ಮವ್ವ ಇಷ್ಟು ವಯಸ್ಸಾದ್ರೂ ಒಂದು ಪಿಕ್ಚರ್ ಟಾಕೀಸಲ್ಲಿ ನೋಡಿಲ್ಲ ಸಾರ್. ಮೊದಲನೇದು ಅವಳದ್ದೇ ಮುಖ ಆಗ್ಲಿ ಅಂತ."

"ಒಂದು ಒಡಕು ಬಂದರೂ ಸಾಕಮ್ಮ. ಸೊನ್ನೆ ಆಗದಿದ್ರೆ ಆಯ್ತು" ಎಂದು ಧೈರ್ಯ ಹೇಳಿದೆ. ನನ್ನ ಮನಸ್ಸು ಕೆಟ್ಟದ್ದಲ್ಲ.

ಪರೀಕ್ಷೆ ಬುಧವಾರ ಬೆಳಿಗ್ಗೆ ಹತ್ತಕ್ಕೆ ನಡೆಯಿತು. ಚಿತ್ರ ಶುರುವಾದ ಹೊಸತರಲ್ಲಿ ಮಾಪಕರು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು. ಆರು ಸಾವಿರ ವರ್ಷದ ನಂತರ ಒಂದು ಬುಧವಾರ, ಅಜ್ಜಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಬೇರೆ ಗ್ರಹದಲ್ಲಿರುವ ಮಗಳ ಮನೆಗೆ ಹೊರಡುತ್ತಾಳೆ. ಮಡಿಲಲ್ಲಿ ರಾಗಿ ಹುರಿಹಿಟ್ಟಿನ ಗಂಟು. ಅರ್ಧ ದಾರಿಯಲ್ಲಿ ಕಲ್ಲೊಂದು ಬಡಿದು ರಾಕೆಟ್ಟಿಗೆ ತೂತಾಗುತ್ತದೆ, ಗಾಳಿ ಸೋರತೊಡಗುತ್ತದೆ. ಇಲ್ಲಿಗೆ ಹುಚ್ಚಕ್ಕನ ಮಚ್ಚು ನಿಂತಿತು. ಪಕ್ಕದವರದೂ ನಿಂತಿತು. ಎಂಟೂ ನಿಂತವು.

ಅಜ್ಜಿ ಮೊಮ್ಮಗಳಿಗೆ ಕಾಣದ ಹಾಗೆ ತನ್ನ ಗಾಳಿಯ ಕೊಳವೆ ಬಿಚ್ಚಿ ಅವಳದಕ್ಕೆ ಸಿಕ್ಕಿಸುತ್ತಾಳೆ. ಬಿಚ್ಚಿದ ಮೇಲೂ ಕಥೆ ಹೇಳುತ್ತಿರಬೇಕು, ಇಲ್ಲದಿದ್ದರೆ ಮಗುವಿಗೆ ಗೊತ್ತಾಗುತ್ತದೆ. ಹಾಲಮ್ಮ ಒಂದೊಂದೇ ಮಾತು ಹೇಳುತ್ತಾರೆ, ಮಾತಿನ ನಡುವೆ ಬಿಡುವು ದೊಡ್ಡದಾಗುತ್ತಾ ಹೋಗುತ್ತದೆ. ಹನ್ನೊಂದು ನಿಮಿಷ ಅದೊಂದೇ ಮುಖ. ಶೆಡ್ಡಿನಲ್ಲಿ ಒಬ್ಬರಾದರೂ ಕೆಮ್ಮಲಿಲ್ಲ. ಅಧ್ಯಕ್ಷರಿಗೆ ಫೋನ್ ಬಂದರೆ ಅವರು ಅದನ್ನು ತೆಗೆಯದೆ ಕೈಯಲ್ಲೇ ಹಿಡಿದುಕೊಂಡಿದ್ದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಚಿಪ್ಪಿನ ಧೂಳಿನಿಂದ. ಆ ಶೆಡ್ಡಿನಲ್ಲಿ ಧೂಳು ಜಾಸ್ತಿ, ಈ ಬಗ್ಗೆ ಹಿಂದೆಯೇ ಟಿಪ್ಪಣಿ ಬರೆದಿದ್ದೇನೆ.

ಚಿತ್ರ ಮುಗಿದ ಮೇಲೆ ಎಣಿಸಲಾಗಿ, ಬಿಡಿಸಿದ ಕಾಯಿ ಐವತ್ತಾರು, ಒಡಕು ಸೊನ್ನೆ. 'ಸದರಿ ಚಿತ್ರವು ರೋಮಾಂಚನರಹಿತವಾಗಿರುತ್ತದೆ' ಎಂಬ ಮುದ್ರಿತ ಪತ್ರದಲ್ಲಿ ಹೆಸರು ತುಂಬಿ ಪವಿತ್ರರ ಕೈಗೆ ಕೊಟ್ಟೆ. ಆಕೆ ಅದನ್ನು ಎರಡು ಸಲ ಓದಿದರು.

"ಸಾರ್, ಅವ್ರೆಲ್ಲ ಕೈ ನಿಲ್ಸಿ ನೋಡ್ತಿದ್ರು."

"ಹೌದಮ್ಮ. ನಾನೂ ಕಂಡೆ."

"ಹಂಗಾದ್ರೆ ಸೊನ್ನೆ ಹೆಂಗೆ ಸಾರ್?"

"ನಿಂತ ಕೈಗೆ ಕಾಲಂ ಇಲ್ಲಮ್ಮ" ಎಂದೆ. ಇದು ನನ್ನ ಅಭಿಪ್ರಾಯವಲ್ಲ. ಫಾರಂ ತೆಗೆದು ತೋರಿಸಿದೆ, ಇರಲಿಲ್ಲ.

ಆಕೆ ಮೇಲ್ಮನವಿ ಹಾಕಿದರು. ಹಾಕುವ ಹಕ್ಕಿದೆ. ವಿಚಾರಣೆಯ ದಿನ ಹುಚ್ಚಕ್ಕನೂ ಶೆಡ್ಡಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಮಂಡಿಯ ಮೇಲಿನ ಕಚೇರಿಗೆ ಬಂದು ಬಾಗಿಲಲ್ಲಿ ನಿಂತರು.

"ನಾನೊಂದ್ ಮಾತ್ ಹೇಳ್ತೀನಿ ಕಣಪ್ಪ. ದೆವ್ವದ್ ಪಿಕ್ಚರ್‌ಗೆ ಕೈ ಜಾರ್ತು, ಹೂಂ, ಜಾರ್ತು. ಈ ಮಗಿ ಮಾಡಿರೋದ್ರಲ್ಲಿ ಉಸ್ರೇ ನಿಂತೋಗಿತ್ತು ಕಣಪ್ಪ. ಮನೆಗೋದ್ರೂ ಮುದ್ದೆ ಗಂಟ್ಲಲ್ಲಿ ಇಳೀಲಿಲ್ಲ. ಇನ್ನೇನ್ ಬೇಕು ನಿಮ್ಗೆ?"

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ನಿಯಮ ಓದಿದೆ. ಅಧಿಕೃತ ಮಾಪಕರು ಸಮಿತಿಯ ಉಪಕರಣಗಳಾಗಿದ್ದು, ಉಪಕರಣದ ಹೇಳಿಕೆಯನ್ನು ಸಾಕ್ಷ್ಯವಾಗಿ ಪಡೆಯಲು ಅವಕಾಶವಿರುವುದಿಲ್ಲ.

"ತಕ್ಕಡಿ ಬಾಯಿ ಬಿಟ್ರೆ ವ್ಯಾಪಾರ ಉಳೀತದೇನಕ್ಕ?" ಎಂದು ಅಧ್ಯಕ್ಷರು ಮೃದುವಾಗಿಯೇ ತಿಳಿಸಿ ಹೇಳಿದರು. "ನೀನು ತಕ್ಕಡಿ. ಹೋಗು, ಕೂತ್ಕೋ."

"ತಕ್ಕಡೀನೇ ಆಗ್ಲಿ ಬುಡು. ತೂಕ ಸರಿಯಾಗಿ ಓದೋರಾದ್ರೂ ಇರ್ಬೇಕಲ್ಲ" ಎಂದು ಹುಚ್ಚಕ್ಕ ಇಳಿದು ಹೋದರು. ಉಪಕರಣದ ಮಾತಾದ್ದರಿಂದ ಇದನ್ನು ನಡಾವಳಿಯಲ್ಲಿ ದಾಖಲಿಸಿಲ್ಲ.

ಆದರೂ ಸಮಿತಿ ಕಲ್ಲು ಮನಸ್ಸಿನದಲ್ಲ. ಮರುಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಷರತ್ತು ಒಂದೇ: ಮಾಪಕರು ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಆ ದಿನದ ಹಾಜರಿ ಇಲ್ಲ. ಎಂಟು ಮನೆಯ ಒಲೆ ಉರಿಯುವುದು ಆ ಹಾಜರಿಯ ಮೇಲೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹಿಂದಿನ ದಿನ ಪವಿತ್ರ ಶೆಡ್ಡಿಗೆ ಹೋಗಿ ಹುಚ್ಚಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಕಿಟಕಿ ನನ್ನ ಮೇಜಿನ ಪಕ್ಕದಲ್ಲೇ ಇರುವುದರಿಂದ ಮಾತೂ ಕೇಳಿಸಿತು.

"ಅಕ್ಕ, ಒಂದೇ ಒಂದು ಒಡೀರಿ. ನಮ್ಮವ್ವಂಗೋಸ್ಕರ."

ಹುಚ್ಚಕ್ಕ ಒಂದು ಕಾಯಿ ಮುಗಿಸಿ, ಉಂಡೆಯನ್ನು ಸೆರಗಲ್ಲಿ ಒರೆಸಿ ಪಕ್ಕಕ್ಕಿಟ್ಟರು. "ಒಡೀಬೌದು ಕಣವ್ವ. ಈ ಕಾಯಿ ಯಾರ್ ತೋಟದ್ದೋ. ಹತ್ ತಿಂಗ್ಳು ಅಟ್ಟದ್ ಮ್ಯಾಲೆ ಕಾಪಾಡಿ ಕಳ್ಸವ್ರೆ. ಬೇಕಂತ ಒಡುದ್ರೆ ಅದು ಸುಳ್ಳು ಒಡಕು ಆಯ್ತದೆ. ನಿನ್ ಪಿಕ್ಚರ್ ಸುಳ್ಳಲ್ಲ. ನಾಳೆ ತಾನಾಗೇ ಒಡೀತದೆ ನೋಡು."

ನಾನು ಕಿಟಕಿ ಮುಚ್ಚಿದೆ. ಅಭ್ಯರ್ಥಿಯು ಉಪಕರಣದ ಮೇಲೆ ಪ್ರಭಾವ ಬೀರುವುದು ಅಪರಾಧ. ಕೇಳಿಸಿದ್ದೆಂದು ಬರೆದರೆ ಅರ್ಜಿ ವಜಾ ಆಗುತ್ತಿತ್ತು. ಕಿಟಕಿ ಗಾಳಿಗೆ ಮುಚ್ಚಿತ್ತೆಂದು ಬರೆದೆ.

ಮರುದಿನ ಚಿತ್ರ ಶುರುವಾಯಿತು. ತೂತು ಬೀಳುವ ಜಾಗ ಹತ್ತಿರ ಬರುತ್ತಿದ್ದಂತೆ ಹುಚ್ಚಕ್ಕ ಹೇಳಿದರು: "ಮುಖ ನೋಡುದ್ರೆ ಕೈ ನಿಂತೋಯ್ತದೆ ಕಣ್ರೇ, ಹಾಜರಿ ಹೋಯ್ತದೆ. ಎಲ್ಲಾ ಹಿಂದಕ್ ತಿರುಕ್ಕಳಿ. ಕೇಳುಸ್ಕಂಡೇ ಮಾಡನ." ಎಂಟು ಜನವೂ ಮಣೆ ಸಮೇತ ತಿರುಗಿ, ಪರದೆಗೆ ಬೆನ್ನು ಹಾಕಿ ಕೂತರು. ನಿಯಮದಲ್ಲಿ ಕೈ ನಿಲ್ಲಿಸಬಾರದು ಎಂದಿದೆಯೇ ಹೊರತು ನೋಡಲೇಬೇಕು ಎಂದಿಲ್ಲ. ನಾನು ಆಕ್ಷೇಪಿಸಲಿಲ್ಲ.

ಹಾಲಮ್ಮನ ದನಿ ಬಂತು. ಮಾತಿನ ನಡುವಿನ ಬಿಡುವು ಬಂತು. ಪವಿತ್ರ ಗೋಡೆಗೆ ಒರಗಿ ಕೈ ಮುಗಿದುಕೊಂಡು ನಿಂತಿದ್ದರು, ಯಾವ ದೇವರಿಗೋ ಗೊತ್ತಿಲ್ಲ. ಒಂದು ಒಡೆದರೆ ಸಾಕಿತ್ತು. ಆದರೆ ಆ ಹನ್ನೊಂದು ನಿಮಿಷ ಹೆಂಗಸರು ಕಾಯಿಯನ್ನು ಹಿಡಿದಿದ್ದು ಎಳೇ ಮಗುವಿನ ತಲೆ ಹಿಡಿದ ಹಾಗೆ. ಮಚ್ಚು ಚಿಪ್ಪಿಗೆ ತಾಗುವ ಸದ್ದು ಕೂಡ ಸಣ್ಣದಾಯಿತು. ಒಳಗಿನ ಉಂಡೆಗೆ ನೋವಾದೀತು ಎನ್ನುವಂತೆ ಬಿಡಿಸಿದರು. ಒಂದೂ ಒಡೆಯಲಿಲ್ಲ. ಚಿತ್ರ ಮುಗಿಯುವಷ್ಟರಲ್ಲಿ ನಾನೂರು ಕಾಯಿಯೂ ಮುಗಿದು, ನಾನೂರು ಉಂಡೆ ಇಡಿಯಾಗಿ ಚಾಪೆಯ ಮೇಲಿದ್ದವು.

ಹುಚ್ಚಕ್ಕ ತಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. "ಹಾಳಾದ್ ಕೈ" ಎಂದರು. ಅತ್ತರು. ಪವಿತ್ರ ಅಳಲಿಲ್ಲ, ಅವರ ಪಕ್ಕದಲ್ಲಿ ಹೋಗಿ ಕೂತರು.

ಅಧ್ಯಕ್ಷರು ಮಾತ್ರ ಆ ಉಂಡೆಗಳ ರಾಶಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರ ಮಂಡಿಯಲ್ಲಿ ಅಷ್ಟು ವರ್ಷದಲ್ಲಿ ಒಂದೂ ಒಡಕಿಲ್ಲದೆ ನಾನೂರು ಕಾಯಿ ಮುಗಿದದ್ದಿಲ್ಲ. ಅದೂ ಎರಡು ಗಂಟೆಯೊಳಗೆ.

"ಗಂಗಾಧರಯ್ಯನೋರೆ, ಸಮಿತಿ ಕಾಯಿಗೆ ದೆವ್ವದ್ ಪಿಕ್ಚರೇ ಇರ್ಲಿ" ಎಂದರು. "ನಮ್ ಸ್ವಂತ ಕಾಯಿಗೆ ನಾಳೆಯಿಂದ ಈ ಪಿಕ್ಚರ್ ಹಾಕ್ಸಿ."

ಈ ನಿರ್ಧಾರದ ಹಿಂದಿನ ಆಡಳಿತಾತ್ಮಕ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈತರ ಕಾಯಿ ಹೆಚ್ಚು ಒಡೆದರೆ ಕಲೆ ಬೆಳೆಯುತ್ತದೆ, ಅಧ್ಯಕ್ಷರ ಕಾಯಿ ಒಡೆಯದಿದ್ದರೆ ವ್ಯಾಪಾರ ಬೆಳೆಯುತ್ತದೆ. ಎರಡೂ ಬೆಳೆಯುವುದು ದೇಶಕ್ಕೆ ಒಳ್ಳೆಯದು.

ಸುದ್ದಿ ನಿಲ್ಲುತ್ತದೆಯೇ? ಹದಿನೈದು ದಿನದಲ್ಲಿ ತುರುವೇಕೆರೆಯ ಮಂಡಿಯವರು ಬಂದು ಚಿತ್ರದ ಪ್ರತಿ ಕೇಳಿದರು. ಆಮೇಲೆ ಹುಳಿಯಾರಿನವರು, ಆಮೇಲೆ ಚಿಕ್ಕನಾಯಕನಹಳ್ಳಿಯವರು. ಟಾಕೀಸಿನ ದಯಾನಂದ್ ಕೂಡ ಬಂದರು. ಸರ್ಟಿಫಿಕೇಟ್ ಇಲ್ಲದ ಚಿತ್ರವನ್ನು ಟಾಕೀಸಿನಲ್ಲಿ ಹಾಕುವಂತಿಲ್ಲ, ಆದರೆ ಟಾಕೀಸಿನ ಕುರ್ಚಿ ಕಿತ್ತು ಚಿಪ್ಪು ಬಿಡಿಸುವ ಶೆಡ್ ಮಾಡಿಕೊಂಡರೆ ಹಾಕಬಹುದೇ ಎಂದು ಕೇಳಿದರು. ಪರಿಶೀಲಿಸಲಾಗಿ, ಅದಕ್ಕೆ ಅಡ್ಡಿಯಿರಲಿಲ್ಲ. ಕುರ್ಚಿ ಕಿತ್ತರು. ಈಗ ಅಲ್ಲಿ ದಿನಕ್ಕೆ ನಾಲ್ಕು ಆಟ, ಅರವತ್ತು ಜನ ಹೆಂಗಸರು, ಅರವತ್ತು ಬೆನ್ನು.

ಒಟ್ಟು ನಲವತ್ತೆರಡು ಶೆಡ್ಡುಗಳಲ್ಲಿ 'ಆರು ಸಾವಿರ ವರ್ಷದ ನಂತರದ ಬುಧವಾರ' ಪ್ರತಿದಿನ ಓಡುತ್ತಿದೆ. ಶಿಸ್ತಿಗಾಗಿ ನಾನು ಒಂದು ಪ್ರಕಟಣೆ ಬರೆದು ಎಲ್ಲ ಶೆಡ್ಡುಗಳಿಗೂ ಕಳಿಸಿದ್ದೇನೆ: 'ಚಿತ್ರ ನಡೆಯುತ್ತಿರುವಾಗ ಚಿತ್ರವನ್ನು ನೋಡತಕ್ಕದ್ದಲ್ಲ. ಆಕಸ್ಮಿಕವಾಗಿ ನೋಡಿದಲ್ಲಿ ಕೂಡಲೇ ಮೇಲ್ವಿಚಾರಕರಿಗೆ ತಿಳಿಸತಕ್ಕದ್ದು.' ಹೆಂಗಸರು ಚೆನ್ನಾಗಿ ಸಹಕರಿಸುತ್ತಿದ್ದಾರೆ. ಮಾತುಗಳೆಲ್ಲ ಅವರಿಗೆ ಬಾಯಿಪಾಠವಾಗಿವೆ. ತೂತು ಬೀಳುವ ಮುಂಚೆಯೇ ಯಾರಾದರೊಬ್ಬರು "ಬಂತು ಕಣೇ" ಎಂದು ಮೆಲ್ಲಗೆ ಹೇಳುತ್ತಾರೆ. ಅಜ್ಜಿಯ ದನಿ ನಿಂತು ನಿಂತು ಬರುವಾಗ ಇಡೀ ಶೆಡ್ಡು ಉಸಿರು ಹಿಡಿಯುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಉಸಿರು ಹಿಡಿಯುವುದಕ್ಕೆ ನಿಯಮದಲ್ಲಿ ತಡೆಯಿಲ್ಲ.

ಶತದಿನೋತ್ಸವವನ್ನು ಟಾಕೀಸಿನಲ್ಲೇ, ಅಂದರೆ ಈಗಿನ ಶೆಡ್ಡಿನಲ್ಲಿ, ಮಾವಿನ ಸೊಪ್ಪು ಕಟ್ಟಿ ಆಚರಿಸಲಾಯಿತು. ನಮ್ಮ ಸೀಮೆಯಲ್ಲಿ ಅಷ್ಟು ದಿನ ಓಡಿದ ಚಿತ್ರ ಇನ್ನೊಂದಿಲ್ಲವೆಂದು ಅಧ್ಯಕ್ಷರು ಭಾಷಣದಲ್ಲಿ ಹೇಳಿದರು. ಸೊನ್ನೆ ಅಂಕವನ್ನು ಉಳಿಸಿಕೊಂಡು ಬಂದ ಪವಿತ್ರರನ್ನು ಅಭಿನಂದಿಸಿದರು. ಮುಖ್ಯ ಅತಿಥಿ ಹಾಲಮ್ಮ. ಕೆಂಕೆರೆಯಿಂದ ಬಸ್ಸಿನಲ್ಲಿ ಬಂದಿದ್ದರು, ಹೊಸ ಸೀರೆ, ತಲೆ ತುಂಬ ಹೂವು. ಜೊತೆಗೆ ಊರಿನ ಇಪ್ಪತ್ತು ಜನ.

ಗೌರವಪೂರ್ವಕವಾಗಿ ಅವರನ್ನು ಮೊದಲ ಸಾಲಿನಲ್ಲಿ ಪರದೆಗೆ ಬೆನ್ನು ಮಾಡಿ ಕೂರಿಸಿದೆ. ಅವರು ಸುತ್ತ ನೋಡಿದರು. ಎಲ್ಲರೂ ಹಾಗೇ ಕೂತಿದ್ದರು.

"ನಾ ನೋಡಂಗಿಲ್ವಾ ಸಾ?" ಎಂದರು.

"ಕೆಲಸದ ಜಾಗ ಕಣಮ್ಮ. ಒಬ್ಬರು ತಿರುಗಿದರೆ ಎಲ್ಲರೂ ತಿರುಗುತ್ತಾರೆ" ಎಂದೆ. ಪವಿತ್ರ ಏನೋ ಹೇಳಲು ಬಾಯಿ ತೆರೆದರು. ಹಾಲಮ್ಮ ಮಗಳ ಮೊಣಕೈ ಮುಟ್ಟಿ ತಡೆದರು.

"ಬುಡು ಮಗ. ದನಿ ಕೇಳ್ತದಲ್ಲ. ಮುಖ ಮನೆ ಕನ್ನಡೀಲಿ ನೋಡ್ಕಂತೀನಿ."

ದೀಪ ಆರಿತು. ಗೋಡೆಯಗಲ ಪರದೆಯ ಮೇಲೆ ಹಾಲಮ್ಮನ ಮುಖ ಬಂತು. ಪರದೆ ಕೆಟ್ಟರೆ ವರದಿ ಮಾಡಬೇಕಾದವನು ನಾನಾದ್ದರಿಂದ ನನಗೊಬ್ಬನಿಗೆ ನೋಡುವ ಅಧಿಕಾರವಿದೆ. ನೋಡಿದೆ. ಕೆಳಗೆ ಹಾಲಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು, ತಮ್ಮ ದನಿ ಉಸಿರಿಗಾಗಿ ತಡಕಾಡುವುದನ್ನು ಎದುರಿನ ಖಾಲಿ ಗೋಡೆ ನೋಡುತ್ತಾ ಕೇಳಿಸಿಕೊಂಡರು. ಅವರ ಪಕ್ಕದಲ್ಲಿ ಊರಿನ ಇಪ್ಪತ್ತು ಜನ, ಹಿಂದೆ ಅರವತ್ತು ಹೆಂಗಸರು. ಮಚ್ಚುಗಳು ಒಂದೇ ಸಮ ಆಡುತ್ತಿದ್ದವು. ಯಾರೂ ತಿರುಗಲಿಲ್ಲ. ಮುಗಿದಾಗ ಎಲ್ಲರೂ ಗೋಡೆಗೆ ಚಪ್ಪಾಳೆ ತಟ್ಟಿದರು, ಹಾಲಮ್ಮನೂ ತಟ್ಟಿದರು.

ಮುಂದಿನ ವಾರ ಪವಿತ್ರ ಮತ್ತೊಂದು ಅರ್ಜಿ ತಂದರು. ಇದೂ ಸೈನ್ಸ್ ಫಿಕ್ಷನ್. ಅಚ್ಚುಕಟ್ಟಾಗಿ ತುಂಬಿದ್ದರು, ಹದಿಮೂರನೇ ಕಾಲಂ ಒಂದು ಬಿಟ್ಟು. ಅದು ಕ್ಯಾಮೆರಾದ ವಿವರ.

"ಇದ್ಯಾಕಮ್ಮ ಖಾಲಿ?"

"ಈ ಸಲ ಕ್ಯಾಮೆರಾ ಬೇಡ ಸಾರ್" ಎಂದರು ಪವಿತ್ರ. "ಅವ್ವನ ದನಿ ಒಂದೇ ಸಾಕು."

ನಾನು ಆ ಕಾಲಂನಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು ಮೊಹರು ಹಾಕಿದೆ. ಅರ್ಜಿ ಕ್ರಮಬದ್ಧವಾಗಿದೆ.